ಭೃತಿಯೂ ಭರಣವೂ

ಸಂಸ್ಕೃತದಲ್ಲಿ ‘ಭೃ’ ಎಂಬ ಧಾತುವೊಂದುಂಟು. ಹೊರು, ಪೋಷಿಸು ಎಂದು ಅದರ ಅರ್ಥ. ದುಡಿದು ಪಡೆವ ಪಗಾರಕ್ಕೆ ಭೃತಿಯೆಂದೂ, ಮಕ್ಕಳನ್ನು ಸಾಕುವುದಕ್ಕೆ ಭರಣವೆಂದೂ, ಪತಿಗೆ ಭರ್ತನೆಂದೂ ಹೆಸರು ಬಂದುದು ಇದೊಂದೇ ಮೂಲದಿಂದ. ದಾಂಪತ್ಯವು ಮುರಿದರೆ ಭರ್ತನೆಂಬ ಹೆಸರು ಹೋದೀತು. ತಂದೆಯೆಂಬ ಹೆಸರು ಹೋಗಲಾರದು.

ನಮ್ಮ ಗೋಪನಕೊಪ್ಪದಲ್ಲಿಯೂ ಸುತ್ತಣ ಹುಬ್ಬಳ್ಳಿಯಲ್ಲಿಯೂ ತಿಂಗಳ ಪಗಾರವನ್ನೇ ನೆಚ್ಚಿದ ಸಂಸಾರಗಳು ಅನೇಕ. ಅಂಥ ಮನೆಯೊಂದು ಎರಡಾದಾಗ ಒಂದೇ ಪಗಾರವು ಎರಡು ಒಲೆಗಳನ್ನು ಉರಿಸಬೇಕಾಗುವುದು. ಜೀವನಾಂಶವು ಕೈಸೇರುವ ಮುನ್ನವೇ ಪಗಾರದಿಂದ ವಜಾ ಆಗತೊಡಗಿದರೆ ಅನೇಕರು ಎದೆಗುಂದುತ್ತಾರೆ. ಕೆಲವರು ಹಟದಿಂದ ನೌಕರಿಯನ್ನೇ ಬಿಡುವ ಮಾತಾಡುತ್ತಾರೆ. ಇದು ಅವಿವೇಕ. ನ್ಯಾಯಾಲಯವು ಗಳಿಕೆಯನ್ನಷ್ಟೇ ಅಲ್ಲ, ಗಳಿಸುವ ಶಕ್ತಿಯನ್ನೂ ನೋಡುತ್ತದೆ.

ಕಾಯದೆಯ ಸ್ವರೂಪವನ್ನು ಅರಿತಿರುವುದು ಲೇಸು. 2001ಕ್ಕೆ ಮುಂಚೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ವರ್ಷ ಆ ಮಿತಿಯು ಹೋಯಿತು. 2024ರ ಜುಲೈ 1ರಿಂದ ಹಳೆಯ 125ನೆಯ ಕಲಮಿನ ಸ್ಥಾನದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ನಿಂತಿದೆ. ಬಾಕಿ ಉಳಿಸಿದರೆ ಪ್ರತಿ ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಸೆರೆವಾಸವುಂಟು. ಸಿವಿಲ್ ಸಂಹಿತೆಯ 60ನೆಯ ಕಲಮಿನ ಮೇರೆಗೆ, ಜೀವನಾಂಶದ ಡಿಕ್ರಿಯಿದ್ದಲ್ಲಿ ಪಗಾರದ ಮೂರನೆಯ ಒಂದು ಪಾಲಿಗೆ ಮಾತ್ರ ಜಪ್ತಿಯಿಂದ ರಕ್ಷಣೆಯಿದೆ.

ಹಾಗಾದರೆ ಸಂಕಟಕ್ಕೆ ಸಿಕ್ಕವನಿಗೆ ದಾರಿಯಿಲ್ಲವೇ? ಇದೆ. ನೌಕರಿ ಹೋದರೆ, ದೀರ್ಘ ರೋಗ ಬಂದರೆ, ಹಣ ನಿಲ್ಲಿಸುವುದಲ್ಲ. 146ನೆಯ ಕಲಮಿನಂತೆ ಮೊತ್ತವನ್ನು ಬದಲಿಸಲು ಕೂಡಲೇ ಅರ್ಜಿ ಕೊಡಬೇಕು. 2020ರ ರಜನೀಶ–ನೇಹಾ ತೀರ್ಪಿನ ತರುವಾಯ ಉಭಯ ಪಕ್ಷದವರೂ ತಮ್ಮ ಆಸ್ತಿ, ಆದಾಯ, ಋಣಗಳ ಪ್ರಮಾಣಪತ್ರ ಸಲ್ಲಿಸಬೇಕಾಗಿದೆ. ಪಗಾರದ ಚೀಟಿ, ಔಷಧಿಯ ಪಾವತಿಗಳನ್ನು ಜೋಪಾನವಾಗಿಡಿರಿ.

ಒಂದು ಲೆಕ್ಕವನ್ನು ನೋಡೋಣ. ಕೈಗೆ ಬರುವ ಪಗಾರ 36,000. ಮಕ್ಕಳ ಪಾಲು 9,000. ಉಳಿದ 27,000ದಲ್ಲಿ ಬಾಡಿಗೆ 7,000, ಅಡಿಗೆಯ ಖರ್ಚು 6,000, ಸಾಲದ ಕಂತು 8,000, ವೃದ್ಧ ತಾಯಿತಂದೆಗಳಿಗೆ 2,000, ಓಡಾಟ ಔಷಧಿಗಳಿಗೆ 2,000. ಮಿಗುವುದು 2,000 ಮಾತ್ರ. ಇಲ್ಲಿ ಕೊರಳಿಗೆ ಉರುಳಾಗಿರುವುದು ಮಕ್ಕಳ ಪಾಲಲ್ಲ, ಸಾಲದ ಕಂತು. ತಾನಾಗಿ ಮಾಡಿಕೊಂಡ ಸಾಲವನ್ನು ಮುಂದಿಟ್ಟರೆ ನ್ಯಾಯಾಲಯವು ಸಾಮಾನ್ಯವಾಗಿ ಮಕ್ಕಳ ಪಾಲನ್ನು ಇಳಿಸದು. ಆದುದರಿಂದ ಬ್ಯಾಂಕಿಗೆ ಹೋಗಿ ಕಂತಿನ ಅವಧಿಯನ್ನು ಹೆಚ್ಚಿಸಿಕೊಳ್ಳಿರಿ. ಒಟ್ಟು ಬಡ್ಡಿಯು ಏರುವುದೆಂಬುದನ್ನೂ ನೆನಪಿಡಿರಿ. ಕೈಸಾಲಕ್ಕೆ ಕೈಯೊಡ್ಡಬೇಡಿರಿ. ಮಿಕ್ಕ 2,000ವನ್ನು ಆಪತ್ತಿಗೆಂದು ಬೇರೆಯೇ ಇಡಿರಿ.

ಕಡೆಯದಾಗಿ ಒಂದು ಮಾತು. ‘ನಿಮ್ಮಿಂದಲೇ ನನಗೆ ಈ ಬಡತನ’ ಎಂದು ಕೂಸಿನ ಮುಂದೆ ಆಡಬಾರದು. ತಾಯಿಯಾದವಳೂ ಕೊಟ್ಟ ಹಣದ ವಿನಿಯೋಗವನ್ನು ಮರೆಮಾಚಬಾರದು. ಶಾಲೆಯ ಫೀ, ಅಂಗಿ, ಪುಸ್ತಕಗಳ ಲೆಕ್ಕವು ಇಬ್ಬರಿಗೂ ಕಾಣುವಂತಿದ್ದರೆ ಅರ್ಧ ಜಗಳವು ತಾನಾಗಿ ಅಡಗುವುದು. ಮಕ್ಕಳ ವಿದ್ಯೆಯೂ ನಡುವೆ ನಿಲ್ಲದು.