ರ‍್ಯಾಪ್ ಹುಟ್ಟಿದ್ದು ರೆಕಾರ್ಡ್ ಕಂಪನಿಯಲ್ಲಲ್ಲ ಸ್ವಾಮಿ!

ರ‍್ಯಾಪ್ ಬಗ್ಗೆ ಯಾರು ಬರೆದರೂ ಮೊದಲ ಸಾಲು ಒಂದೇ. 'ಮೊಟ್ಟಮೊದಲ ರ‍್ಯಾಪ್ ಹಾಡು ಷುಗರ್‌ಹಿಲ್ ಗ್ಯಾಂಗ್‌ನ ರ‍್ಯಾಪರ್ಸ್ ಡಿಲೈಟ್, 1979'. ಅಲ್ಲಿಗೆ ಇತಿಹಾಸ ಮುಗೀತು. ಈ ಸಾಲು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ.

ತಾರೀಖಿನ ಲೆಕ್ಕದಲ್ಲೂ ಅದು ತಪ್ಪೇ. ಫ್ಯಾಟ್‌ಬ್ಯಾಕ್ ಬ್ಯಾಂಡಿನ 'ಕಿಂಗ್ ಟಿಮ್ ದ ಥರ್ಡ್' ಅದೇ ವರ್ಷ ಸ್ವಲ್ಪ ಮುಂಚೆ ಬಂದಿತ್ತು. ಹೋಗಲಿ ಬಿಡಿ, ಅದು ಕ್ವಿಜ್ ನಡೆಸೋರ ತಲೆನೋವು. ನನ್ನ ಜಗಳ ಬೇರೆ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟು. ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳೋಕೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದ್ದು ಜಮೈಕಾದಲ್ಲಿ ಹುಟ್ಟಿದ ಅವಳಣ್ಣ ಕ್ಲೈವ್, ಅಂದ್ರೆ ಕೂಲ್ ಹರ್ಕ್. ಹಾಡುಗಾರಿಕೆ ನಿಂತು ಬರೀ ಡ್ರಮ್ಸ್ ಉಳಿಯುವ ಆ ಕೆಲವೇ ಸೆಕೆಂಡುಗಳಿಗೆ ಕುಣಿಯೋರು ಕಾಯ್ತಾರೆ ಅಂತ ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಟರ್ನ್‌ಟೇಬಲ್ ಮೇಲಿಟ್ಟ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಶುರು ಮಾಡೋದು, ಮೊದಲನೆಯದನ್ನು ಹಿಂದಕ್ಕೆ ಒಯ್ಯೋದು. ಸೆಕೆಂಡುಗಳು ನಿಮಿಷಗಳಾದವು. ನಮ್ಮ ಭಾಷೇಲಿ ಹೇಳೋದಾದ್ರೆ ಫಾರ್ ಲೂಪ್, ಕೈಯಲ್ಲೇ ಓಡಿಸಿದ್ದು! ಅದರ ಮೇಲೆ ಮೈಕ್ ಹಿಡಿದು ಮಾತಾಡ್ತಿದ್ದವನು ಕೋಕ್ ಲಾ ರಾಕ್. ಇಬ್ಬರ ರೆಕಾರ್ಡೂ ಆ ಕಾಲದಲ್ಲಿ ಬರಲಿಲ್ಲ. ಹಾಗಾಗಿ 'ಮೊದಲ ಹಾಡು' ಹುಡುಕುವವರಿಗೆ ಇವರು ಕಾಣೋದೇ ಇಲ್ಲ.

ಆರು ವರ್ಷ ಆದಮೇಲೆ ನ್ಯೂಜೆರ್ಸಿಯ ಸಿಲ್ವಿಯಾ ರಾಬಿನ್ಸನ್‌ಗೆ ಇದರಲ್ಲಿ ದುಡ್ಡಿದೆ ಅಂತ ಹೊಳೀತು. ಹುಡುಗರು ಸಿಗಬೇಕಲ್ಲ? ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ ಬಿಗ್ ಬ್ಯಾಂಕ್ ಹ್ಯಾಂಕ್ ಸಿಕ್ಕಿದ. ಹ್ಯಾಂಕ್ ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕಾಝ್‌ನ ಮ್ಯಾನೇಜರ್, ರ‍್ಯಾಪರ್ ಅಲ್ಲ. ಕಾಝ್ ಹೇಳೋ ಪ್ರಕಾರ ಅವನ ಪ್ರಾಸದ ಪುಸ್ತಕವನ್ನೇ ಹ್ಯಾಂಕ್ ತಗೊಂಡು ಹೋದ. ತಮಾಷೆ ಏನು ಗೊತ್ತಾ? ಕಾಝ್‌ನ ಹಳೇ ಹೆಸರು ಕ್ಯಾಸನೋವಾ ಫ್ಲೈ. ಹ್ಯಾಂಕ್ ರೆಕಾರ್ಡಿನಲ್ಲಿ ಅದೇ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ತನ್ನದು ಅಂತ ಹಾಡ್ತಾನೆ. ಕೋಡ್ ಕದ್ದವನು ಮೇಲಿನ ಕಾಮೆಂಟಿನಲ್ಲಿರೋ ಆಥರ್ ಹೆಸರು ಅಳಿಸೋಕೆ ಮರೆತ ಹಾಗೆ :-) ನಿಮ್ಮ ಪೋಸ್ಟು ಇನ್ಯಾರದೋ ಬ್ಲಾಗಿನಲ್ಲಿ ಕಂಡಿದ್ರೆ ಈ ಹೊಟ್ಟೆಯುರಿ ನಿಮಗೂ ಗೊತ್ತಿರುತ್ತೆ.

ಸಂಗೀತವೂ ಸ್ವಂತದ್ದಲ್ಲ. ಅದು ಶೀಕ್ ತಂಡದ 'ಗುಡ್ ಟೈಮ್ಸ್', ಸ್ಟುಡಿಯೋ ವಾದ್ಯಗಾರರಿಂದ ಮತ್ತೆ ನುಡಿಸಿದ್ದು. ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕೇಸು ಹಾಕ್ತೀವಿ ಅಂದ ಕೂಡಲೇ ಇಬ್ಬರ ಹೆಸರೂ ಬರೆದವರ ಪಟ್ಟಿ ಸೇರಿತು. ಸರಿಯೇ. ಆದರೆ ಪದ ಬರೆದ ಕಾಝ್‌ಗೆ? ಹೆಸರೂ ಇಲ್ಲ, ಕಾಸೂ ಇಲ್ಲ. ಲಾಯರ್ ಇದ್ದವನ ಕೆಲಸ ಮಾತ್ರ 'ಕೃತಿ', ಇಲ್ಲದವನದ್ದು ಊರ ಆಸ್ತಿ. ಹಾಡು 1980ರ ಜನವರಿಯಲ್ಲಿ ಬಿಲ್‌ಬೋರ್ಡ್‌ನಲ್ಲಿ 36ನೇ ಸ್ಥಾನಕ್ಕೆ ಏರಿತು.

'ಸಿಲ್ವಿಯಾ ಇಲ್ಲದಿದ್ರೆ ಇದು ಬ್ರಾಂಕ್ಸ್ ದಾಟುತ್ತಲೇ ಇರಲಿಲ್ಲ' ಅಂತ ನೀವು ಅನ್ನಬಹುದು. ಒಪ್ಪಿದೆ. ದೊಡ್ಡ ಕಂಪನಿಗಳು ತಿರುಗಿ ನೋಡದಿದ್ದಾಗ ಆಕೆ ದುಡ್ಡು ಹಾಕಿದಳು, ಆಕೆಯ ಕಿವಿಯೂ ಚುರುಕು. ಆದರೆ ಪ್ರಕಾಶಕನಿಗೆ ಕವಿಯ ಪಟ್ಟ ಕಟ್ಟೋದು ಯಾವ ನ್ಯಾಯ ಕಣ್ರೀ?

ಅದೇ ಕಂಪನಿಯ 'ದ ಮೆಸೇಜ್' (1982) ನೋಡಿ. ಲೇಬಲ್ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹೆಸರು ದೊಡ್ಡದಾಗಿದೆ. ಒಳಗೆ ಕೇಳಿಸೋದು ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ದನಿ. ಟರ್ನ್‌ಟೇಬಲ್ ಮಾಂತ್ರಿಕನ ಹೆಸರಿದೆ, ಟರ್ನ್‌ಟೇಬಲ್ಲೇ ಇಲ್ಲ! ಮರುವರ್ಷ ಫ್ಲ್ಯಾಶ್ ರಾಯಲ್ಟಿಗಾಗಿ ಕಂಪನಿ ಮೇಲೆ ಕೇಸು ಹಾಕಿದ.

ಆ ಪಾರ್ಕುಗಳಲ್ಲಿ ನಿಜವಾಗಿ ಏನು ನಡೀತಿತ್ತು ಅಂತ ತಿಳಿಯೋಕೆ ಫ್ಲ್ಯಾಶ್‌ನದೇ 1981ರ 'ಅಡ್ವೆಂಚರ್ಸ್ ಆನ್ ದ ವೀಲ್ಸ್ ಆಫ್ ಸ್ಟೀಲ್' ಕೇಳಿ. ಏಳು ನಿಮಿಷದ ಮೇಲೆ ಇದೆ, ಪೂರ್ತಿ ರೆಕಾರ್ಡುಗಳ ಕೈಚಳಕ. 'ಗುಡ್ ಟೈಮ್ಸ್' ಅದರಲ್ಲೂ ಬರುತ್ತೆ, ಆದರೆ ಶೀಕ್ ನುಡಿಸಿದ್ದೇ, ಅವರ ತಟ್ಟೆಯಿಂದಲೇ. ಹರ್ಕ್‌ನನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದು 2023ರಲ್ಲಿ, ಆ ಪಾರ್ಟಿಯಾಗಿ 50 ವರ್ಷಕ್ಕೆ. ಸಿಲ್ವಿಯಾಗೆ ಒಂದು ವರ್ಷ ಮುಂಚೆಯೇ ಸಿಕ್ಕಿತ್ತು.