ಕಡಲಿಲ್ಲದ ನಾಡಿನಲ್ಲಿ ಬತ್ತಿದ ಸಾಗರ

ಮಕ್ಕಳ ಶಾಲಾ ಚೀಲದಲ್ಲಿರುವ ಅಟ್ಲಾಸನ್ನೊಮ್ಮೆ ತೆರೆಯಿರಿ. ಅಫ್ಘಾನಿಸ್ತಾನದಿಂದ ಇನ್ನೂ ಮೇಲಕ್ಕೆ ಬೆರಳು ಸರಿಸಿದರೆ ಐದು ದೇಶಗಳು ಸಿಗುತ್ತವೆ: ಕಝಾಕಿಸ್ತಾನ, ಉಝ್ಬೆಕಿಸ್ತಾನ, ತುರ್ಕಮೆನಿಸ್ತಾನ, ಕಿರ್ಗಿಸ್ತಾನ ಮತ್ತು ತಜಿಕಿಸ್ತಾನ. ಇದೇ ಮಧ್ಯ ಏಷ್ಯಾ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಇವು ಸ್ವತಂತ್ರವಾದವು. ಇವುಗಳಲ್ಲಿ ಒಂದಕ್ಕೂ ಮಹಾಸಾಗರದ ದಡವಿಲ್ಲ. ಕ್ಯಾಸ್ಪಿಯನ್ ಹೆಸರಿಗೆ ಸಮುದ್ರವಾದರೂ ಸುತ್ತಲೂ ನೆಲವಿರುವ ಉಪ್ಪುನೀರಿನ ಸರೋವರ. ಉಝ್ಬೆಕಿಸ್ತಾನದ ನೆರೆಯ ದೇಶಗಳಿಗೂ ಸಾಗರವಿಲ್ಲ! ಅಲ್ಲಿನವರು ಅದನ್ನು ಕಾಣಬೇಕಾದರೆ ಕನಿಷ್ಠ ಎರಡು ಗಡಿಗಳನ್ನು ದಾಟಬೇಕು.

ಈ ನಾಡು ನಮಗೆ ತೀರಾ ಅಪರಿಚಿತವೇನಲ್ಲ. ಇಮಾಮ್ ಬುಖಾರಿ(ರ) ಕ್ರಿ.ಶ. 810ರಲ್ಲಿ ಹುಟ್ಟಿದ ಬುಖಾರಾ ಇರುವುದು ಉಝ್ಬೆಕಿಸ್ತಾನದಲ್ಲಿ. 1483ರಲ್ಲಿ ಬಾಬರ್ ಜನಿಸಿದ ಅಂದಿಜಾನ್ ಕೂಡಾ ಅಲ್ಲಿಯೇ ಇದೆ.

ಕಝಾಕಿಸ್ತಾನ ವಿಶಾಲ ಹುಲ್ಲುಗಾವಲಿನ ದೇಶ. ವಿಸ್ತೀರ್ಣ ಸುಮಾರು 27 ಲಕ್ಷ ಚದರ ಕಿ.ಮೀ. ತುರ್ಕಮೆನಿಸ್ತಾನದ ಬಹುಭಾಗ ಕರಾಕುಮ್ ಮರುಭೂಮಿ. ಕಿರ್ಗಿಸ್ತಾನ ಮತ್ತು ತಜಿಕಿಸ್ತಾನದ ತುಂಬಾ ಪರ್ವತಗಳು. ಅಲ್ಲಿ ಕರಗಿದ ಹಿಮವೇ ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳಾಗಿ ಕೆಳಗಿನ ಒಣನಾಡುಗಳಿಗೆ ಜೀವ ಕೊಡುತ್ತದೆ. 'ದರಿಯಾ' ಎಂದರೆ ಅಲ್ಲಿ ನದಿ. ಇವೆರಡೂ ಹರಿದು ಸೇರುತ್ತಿದ್ದುದು ಅರಾಲ್ ಸಾಗರವನ್ನು.

1960ರಲ್ಲಿ ಅರಾಲ್ ಜಗತ್ತಿನ ನಾಲ್ಕನೇ ಅತಿದೊಡ್ಡ ಸರೋವರವಾಗಿತ್ತು. ಆದರೆ ಸೋವಿಯತ್ ಆಡಳಿತಕ್ಕೆ ಹತ್ತಿ ಬೇಕಿತ್ತು. ಮರುಭೂಮಿಯಲ್ಲಿ ಹತ್ತಿ ಬೆಳೆಯಲು ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಲಾಯಿತು. ಹತ್ತಿ ಬೆಳೆಯಿತು, ಸಾಗರ ಬತ್ತಿತು. 2014ರಲ್ಲಿ ಅದರ ದಕ್ಷಿಣ ಭಾಗದ ಪೂರ್ವ ಪಾತ್ರ ಸಂಪೂರ್ಣ ಒಣಗಿತು. ಒಂದು ಕಾಲದಲ್ಲಿ ಮೀನುಗಾರಿಕಾ ಬಂದರಾಗಿದ್ದ ಮುಯ್ನಾಕ್‌ನಲ್ಲಿ ಈಗ ತುಕ್ಕು ಹಿಡಿದ ದೋಣಿಗಳು ಮರಳಿನ ಮೇಲೆ ನಿಂತಿವೆ. ಬತ್ತಿದ ತಳದಿಂದ ಗಾಳಿ ಉಪ್ಪನ್ನೂ, ಹೊಲಗಳಿಂದ ಹರಿದು ಬಂದಿದ್ದ ಕೀಟನಾಶಕವನ್ನೂ ಹೊತ್ತು ತಂದು ಮನೆಯಂಗಳಕ್ಕೆ ಸುರಿಯುತ್ತದೆ. ಆ ಪ್ರದೇಶದ ಗರ್ಭಿಣಿಯರಲ್ಲಿ ರಕ್ತಹೀನತೆ ವ್ಯಾಪಕವಾಗಿತ್ತು. ಎಲ್ಲೋ ಕುಳಿತವರು ಹಾಕಿದ ಲೆಕ್ಕಕ್ಕೆ ಬೆಲೆ ತೆತ್ತವರು ಆ ತಾಯಂದಿರು.

ಉಝ್ಬೆಕಿಸ್ತಾನದಲ್ಲಿ ಸ್ವಾತಂತ್ರ್ಯದ ನಂತರವೂ ಹತ್ತಿ ಬಿಡಿಸಲು ಮಕ್ಕಳನ್ನೂ ಶಿಕ್ಷಕಿಯರನ್ನೂ ಬಲವಂತವಾಗಿ ಹೊಲಕ್ಕಿಳಿಸಲಾಗುತ್ತಿತ್ತು. ಈ ವ್ಯವಸ್ಥಿತ ಪದ್ಧತಿ ಕೊನೆಗೊಂಡಿದೆಯೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳಿದ್ದು 2022ರಲ್ಲಿ.

ಹಾಗೆಂದು ಎಲ್ಲವೂ ಮುಗಿದುಹೋಗಿಲ್ಲ. ಕಝಾಕಿಸ್ತಾನ 2005ರಲ್ಲಿ ಕೊಕ್-ಅರಾಲ್ ಅಣೆಕಟ್ಟು ಕಟ್ಟಿ ಸಿರ್ ದರಿಯಾದ ನೀರನ್ನು ಉತ್ತರ ಭಾಗದಲ್ಲಿ ಹಿಡಿದಿಟ್ಟಿತು. ನೀರು ಏರಿತು, ಉಪ್ಪು ತಗ್ಗಿತು, ಮೀನುಗಳು ಮರಳಿದವು; ಬೆನ್ನಿಗೇ ಬೆಸ್ತರೂ ಮರಳಿದರು.

ಮನೆಯಲ್ಲಿ ಹಳೆಯ ಅಟ್ಲಾಸ್ ಇದ್ದರೆ ಅದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಅರಾಲನ್ನು ಮಕ್ಕಳಿಗೆ ತೋರಿಸಿ. ಆ ನೀಲಿ ಬಣ್ಣ ಎಲ್ಲಿ ಹೋಯಿತೆಂದು ಅವರು ಕೇಳದೆ ಇರಲಾರರು. ನೀರಿನ ಪಾಠ ಅಲ್ಲಿಂದಲೇ ಶುರುವಾಗಲಿ.