ಬೆಳೆದ ಕಳ್ಳಿಯನ್ನು ಕೊಳ್ಳಬೇಡಿರಿ

ಸ್ತಂಭದಂತೆ ಬೆಳೆಯುವ ಕಳ್ಳಿಯನ್ನು ಬೀಜದಿಂದ ಬೆಳೆಸುವುದು ವ್ಯರ್ಥ ಶ್ರಮ, ಬೆಳೆದ ಗಿಡವನ್ನೇ ಕೊಳ್ಳುವುದು ಜಾಣತನ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ವಾದ. ಒಪ್ಪಲಾರೆ. ಮೆಕ್ಸಿಕೋದ ಹಿಡಾಲ್ಗೊ ಬೆಟ್ಟಗಳಲ್ಲಿ ನರೆಗೂದಲು ಹೊದ್ದು ನಿಂತಿದ್ದ ‘ಮುದುಕ ಕಳ್ಳಿ’ಗಳನ್ನು ಕಿತ್ತು ಮಾರಿದ್ದು ಇಂಥ ಅವಸರದ ಗಿರಾಕಿಗಳಿಗಾಗಿಯೇ. ಚಿಲಿಯ ಮರುಭೂಮಿಯಿಂದ ಕದ್ದೊಯ್ದ ಸಾವಿರದಷ್ಟು ಕಳ್ಳಿಗಳು 2020ರಲ್ಲಿ ಇಟಲಿಯಲ್ಲಿ ಪೊಲೀಸರ ಕೈಗೆ ಸಿಕ್ಕವು.

ಬೀಜದ ಆಯ್ಕೆಯಲ್ಲಿ ಮಾತ್ರ ವಿವೇಕ ಬೇಕು. ಸಾಗುವಾರೊ ತನ್ನ ತವರಿನಲ್ಲೇ ಹತ್ತು ವರ್ಷಕ್ಕೆ ಎರಡಂಗುಲ ಮೀರುವುದು ಕಷ್ಟ. ಬೊಲಿವಿಯಾದ ‘ಬೆಳ್ಳಿ ಪಂಜು’ (ಕ್ಲೀಸ್ಟೊಕ್ಯಾಕ್ಟಸ್ ಸ್ಟ್ರೌಸಿ) ಸಪೂರ ಕಾಂಡದ್ದು, ಕುಂಡಕ್ಕೆ ಹೊಂದುವಂಥದು. ಮರಳು ಬೆರೆತ ಮಣ್ಣಿನ ಮೇಲೆ ಬೀಜ ಉದುರಿಸಿ, ಮಣ್ಣು ಮುಚ್ಚದೆ, ತೇವ ಆರದಂತೆ ಗಾಜು ಹೊದಿಸಿರಿ. ಅರವತ್ತು ದಾಟಿದ ನಾನೇ ಬಿತ್ತುತ್ತಿರುವಾಗ ಮೂವತ್ತರ ನಿಮಗೇಕಪ್ಪಾ ಇಷ್ಟು ಅವಸರ?